ಐದಡಿ ಎತ್ತರಕ್ಕೆ ಅವೆಂಜರ್ ಸ್ಟ್ರೀಟ್ 160: ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ

ಗೇರ್ ಬೈಕ್ ಕಲಿಯಬೇಕೆಂದಿರುವ, ಎತ್ತರ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಎಲ್ಲರೂ ಮೊದಲು ಹೇಳುವ ಹೆಸರು ಬಜಾಜ್ ಅವೆಂಜರ್. ಕಾರಣ ಒಂದೇ, ಸೀಟಿನ ಎತ್ತರ 737 ಮಿ.ಮೀ. ಆ ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಬೈಕ್ ನೋಡಲು ಹೋದವರು ಕಾಲು ನೆಲಕ್ಕೆ ಸಿಗುತ್ತದೆಯೇ ಎಂದು ನೋಡುತ್ತಾರೆ, ಕೈ ಹ್ಯಾಂಡಲ್‌ಗೆ ಸಿಗುತ್ತದೆಯೇ ಎಂದು ನೋಡುವುದಿಲ್ಲ. ಈ ಬೈಕ್ ಕಾಲಿನ ಸಮಸ್ಯೆಯನ್ನು ಮೊದಲ ದಿನವೇ ಬಗೆಹರಿಸುತ್ತದೆ. ಕೈಯ ಸಮಸ್ಯೆಯನ್ನು ನೀವೇ ಬಗೆಹರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಕೆಲಸ ದೊಡ್ಡದಲ್ಲ, ಖರ್ಚೂ ದೊಡ್ಡದಲ್ಲ. ಅದನ್ನು ಮಾಡಿಸಿಕೊಂಡರೆ ಐದಡಿ, ಐದಡಿ ಒಂದಿಂಚಿನವರಿಗೆ ಇದು ಕಲಿಯಲು ಒಳ್ಳೆಯ ಬೈಕ್.

ಅವೆಂಜರ್‌ನ ಸ್ಟ್ರೀಟ್ 160 ಮಾದರಿ ಬಂದದ್ದು 2019ರಲ್ಲಿ, ಹಳೆಯ ಸ್ಟ್ರೀಟ್ 180ರ ಜಾಗಕ್ಕೆ. ಗಾಳಿಯಿಂದ ತಣಿಯುವ ಎಂಜಿನ್, 15 ಪಿಎಸ್ ಶಕ್ತಿ, 13.7 ಎನ್‌ಎಂ ಟಾರ್ಕ್, ಐದು ಗೇರ್. ಬಿಎಸ್6 ಹೊಗೆ ಮಾನದಂಡದ ಬೈಕ್‌ನ ತೂಕ 156 ಕೆ.ಜಿ., ಟ್ಯಾಂಕ್ 13 ಲೀಟರ್. ಮುಂದೆ ಡಿಸ್ಕ್ ಬ್ರೇಕ್, ಅದಕ್ಕೆ ಮಾತ್ರ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ. ಹಿಂದೆ ಡ್ರಮ್.

ಕಾಲಿನ ಲೆಕ್ಕ ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಐದಡಿಯವರಿಗೆ ಇದು ಸಾಮಾನ್ಯವಾಗಿ 68ರಿಂದ 70 ಸೆಂ.ಮೀ. ಬರುತ್ತದೆ. ಶೂ ಅಡಿ ದಪ್ಪ ಎರಡೂವರೆ ಸೆಂ.ಮೀ. ಸೇರಿಸಿ. ಕೂತಾಗ ಫೋಮ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟು ಸುಮಾರು ಎರಡೂವರೆ ಸೆಂ.ಮೀ. ಕುಗ್ಗುತ್ತವೆ, ಅದನ್ನೂ ಸೇರಿಸಿ. ಆಮೇಲೆ ಸೀಟಿನ ಅಗಲಕ್ಕೆ ಕಾಲು ಹೊರಚಾಚುವುದರಿಂದ ಎರಡು, ಮೂರು ಸೆಂ.ಮೀ. ಕಳೆಯಿರಿ. 70 ಸೆಂ.ಮೀ. ಕಾಲಿಗೆ ಉಳಿಯುವುದು ಸುಮಾರು 72ರಿಂದ 73. ಅಂದರೆ ಅವೆಂಜರ್ ಮೇಲೆ ಎರಡೂ ಪಾದ ಪೂರ್ತಿ ಊರುತ್ತವೆ, ಇಲ್ಲವೇ ಹಿಮ್ಮಡಿ ಕೂದಲೆಳೆಯಷ್ಟು ಮೇಲಿರುತ್ತದೆ. ಅದೇ ಕಾಲಿಗೆ 790 ಮಿ.ಮೀ. ಸೀಟಿನ ಬೈಕ್ ಕೊಟ್ಟರೆ ಎರಡೂ ಕಡೆ ಬೆರಳ ತುದಿ ಮಾತ್ರ ಸಿಗುತ್ತದೆ. ಸೊಂಟ ಒಂದು ಕಡೆಗೆ ಜರುಗಿಸಿದರೆ ಒಂದು ಪಾದ ಊರಬಹುದು.

ಹಾಗೆ ಒಂದೇ ಪಾದ ಊರಿ ಓಡಿಸುವುದು ಅಸಾಧ್ಯವೇನಲ್ಲ. ಅನುಭವ ಇರುವ ಎಷ್ಟೋ ಜನ ಹಾಗೇ ಓಡಿಸುತ್ತಾರೆ. ಆದರೆ ಕಲಿಯುವವರಿಗೆ ಗೋರಗುಂಟೆಪಾಳ್ಯ ಜಂಕ್ಷನ್ನಿನಲ್ಲಿ ಲಾರಿ ಮತ್ತು ಬಿಎಂಟಿಸಿ ಬಸ್ಸಿನ ನಡುವೆ ನಿಂತಾಗ ಕ್ಲಚ್, ಗೇರ್, ಕನ್ನಡಿ ಇವುಗಳ ಮೇಲೆ ಗಮನ ಇರಬೇಕೇ ಹೊರತು ಹೆಬ್ಬೆರಳ ಮೇಲಲ್ಲ. ಅವೆಂಜರ್ ಕೊಡುವ ನಿಜವಾದ ಲಾಭ ಇದು.

ಹೋಲಿಕೆಗೆ ಕೆಲವು ಅಂಕಿ. ಹೀರೊ ಸ್ಪ್ಲೆಂಡರ್ ಪ್ಲಸ್ ಸೀಟು 785 ಮಿ.ಮೀ., ತೂಕ 112 ಕೆ.ಜಿ. ಟಿವಿಎಸ್ ರೈಡರ್ 780 ಮಿ.ಮೀ., 123 ಕೆ.ಜಿ. ರಾಯಲ್ ಎನ್‌ಫೀಲ್ಡ್ ಹಂಟರ್ 350ರ ಸೀಟು 790 ಮಿ.ಮೀ., ತೂಕ 181 ಕೆ.ಜಿ. ಮೀಟಿಯರ್ 350 ಸೀಟಿನಲ್ಲಿ 765ಕ್ಕೆ ಇಳಿಯುತ್ತದೆ, ತೂಕ 191ಕ್ಕೆ ಏರುತ್ತದೆ. ಮೊದಲ ಬೈಕ್ ಆಗಿ ಮೀಟಿಯರ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೇರ ನಿಂತಾಗ ಅದರ ತೂಕ ಗೊತ್ತಾಗುವುದಿಲ್ಲ, ವಾಲಿದಾಗ 50 ಕೆ.ಜಿ. ಮೈತೂಕದವರಿಗೆ ತಡೆಯಲಾಗುವುದಿಲ್ಲ. ರೈಡರ್ ಬೇರೆ ಮಾತು. ಸೀಟು ನಾಲ್ಕು ಸೆಂ.ಮೀ. ಎತ್ತರವಾದರೂ ತೂಕ 33 ಕೆ.ಜಿ. ಕಡಿಮೆ, ಸೀಟಿನ ಮೂತಿಯೂ ಸಣ್ಣದು. ಐದಡಿ ಮೂರಿಂಚಿನವರು ಅವೆಂಜರ್ ಬಿಟ್ಟು ಅದನ್ನೇ ನೋಡುವುದು ಮೇಲು.

ಈಗ ಕೈಯ ವಿಷಯ. ನಮ್ಮಲ್ಲಿ ಯೂ-ಟರ್ನ್ ಎಂದರೆ ಬಲಕ್ಕೆ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಎಡಗಡೆಯ ಗ್ರಿಪ್ ನಿಮ್ಮಿಂದ ಮುಂದಕ್ಕೆ, ದೂರಕ್ಕೆ ಹೋಗುತ್ತದೆ. ಕ್ಲಚ್ ಇರುವುದು ಅಲ್ಲೇ. ಕೈ ಚಿಕ್ಕದಿದ್ದರೆ ಮೊಣಕೈ ಪೂರ್ತಿ ನೆಟ್ಟಗಾಗಿ, ಹಸ್ತದ ಬದಲು ಬೆರಳ ತುದಿ ಮಾತ್ರ ಲಿವರ್ ಮೇಲೆ ಉಳಿಯುತ್ತದೆ. ಕ್ಲಚ್ ಅರ್ಧ ಹಿಡಿಯಬೇಕಾದ ಗಳಿಗೆಯಲ್ಲೇ ಅದು ಜಾರಿ ಬಿಡುತ್ತದೆ, ಎಂಜಿನ್ ಆಫ್ ಆಗುತ್ತದೆ, ಬೈಕ್ ಬಲಕ್ಕೆ ಬೀಳುತ್ತದೆ. ಹೊಸಬರು ಬೀಳುವ ಜಾಗ ಹೈವೇ ಅಲ್ಲ, ಹೀಗೆ ಮೂವತ್ತಡಿ ರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತಿರುವಾಗ ನಡಿಗೆಯ ವೇಗದಲ್ಲಿ ತಿರುಗಿಸುವ ಜಾಗ. ಅವೆಂಜರ್‌ನ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುಬಿಂದುಗಳ ಅಂತರ, 1480 ಮಿ.ಮೀ., ಸ್ಪ್ಲೆಂಡರ್‌ನದು 1236. ಮುಂಚಕ್ರ ಹಿಡಿದಿರುವ ಫೋರ್ಕ್ ಕೂಡ ಮುಂದಕ್ಕೆ ವಾಲಿಕೊಂಡಿರುತ್ತದೆ. ಆದ್ದರಿಂದ ಇದು ತಿರುಗಲು ಹೆಚ್ಚು ಜಾಗ ಕೇಳುತ್ತದೆ, ಪೂರ್ತಿ ಲಾಕ್ ತನಕ, ಅಂದರೆ ಇನ್ನು ತಿರುಗದಷ್ಟು, ಹ್ಯಾಂಡಲ್ ತಿರುಗಿಸುವ ಸಂದರ್ಭವೂ ಹೆಚ್ಚು ಬರುತ್ತದೆ.

ಇದಕ್ಕೆ ಮೂರು ತಿದ್ದುಪಡಿ ಮಾಡಿಸಿ, ಈ ಅನುಕ್ರಮದಲ್ಲೇ. ಮೊದಲನೆಯದು ಸೀಟು. ಅವೆಂಜರ್ ಸೀಟು ತಗ್ಗಿನ ಆಕಾರದ್ದು, ಕುಳ್ಳಗಿರುವವರು ಅದರೊಳಗೆ ಹಿಂದಕ್ಕೆ ಜಾರಿ ಕೂರುತ್ತಾರೆ. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಸೀಟ್ ಕೆಲಸ ಮಾಡುವವರಲ್ಲಿ ಹೋಗಿ ಎತ್ತರ ಇಳಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಕುಳ್ಳಗಿರುವವರು ಬಂದರೆ ಅವರು ಕತ್ತರಿ ಹಿಡಿಯುವುದೇ ಫೋಮ್ ಕೊಯ್ಯಲು. ನಿಮಗೆ ಬೇಕಾದ್ದು ಸೊಂಟದ ಹಿಂದೆ ನಾಲ್ಕೈದು ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಸೇರಿಸಿ ನಿಮ್ಮನ್ನು ಮುಂದೆ ತರುವುದು, ಜೊತೆಗೆ ತೊಡೆ ತಾಗುವ ಮುಂಭಾಗದ ಎರಡೂ ಅಂಚನ್ನು ಸ್ವಲ್ಪ ಸವರಿ ಕಿರಿದು ಮಾಡುವುದು. ಮೇಲಿನಿಂದ ಫೋಮ್ ತೆಗೆದರೆ ಒಂದು ಗಂಟೆಯಲ್ಲಿ ಅಡಿಯ ಪ್ಲಾಸ್ಟಿಕ್ ತಟ್ಟೆ ಒತ್ತತೊಡಗುತ್ತದೆ.

ಎರಡನೆಯದು ಹ್ಯಾಂಡಲ್. ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಸಡಿಲಿಸಿ ಹ್ಯಾಂಡಲನ್ನು ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಬಹುದು. ಸ್ವಲ್ಪ ಎಂದರೆ ಗ್ರಿಪ್ ಎರಡು, ಮೂರು ಸೆಂ.ಮೀ. ಹತ್ತಿರ ಬರುವಷ್ಟು. ಹ್ಯಾಂಡಲ್ ತಿರುಗಿಸಿದರೆ ಅದರ ಜೊತೆ ಲಿವರ್‌ಗಳೂ ಬ್ರೇಕ್ ಆಯಿಲ್ ಡಬ್ಬಿಯೂ ತಿರುಗುತ್ತವೆ. ಅವುಗಳ ಕ್ಲ್ಯಾಂಪ್ ಬೇರೆಯಾಗಿ ಸಡಿಲಿಸಿ, ಡಬ್ಬಿ ಮಟ್ಟವಾಗಿ ನಿಲ್ಲುವಂತೆ, ಲಿವರ್ ನಿಮ್ಮ ಮುಂಗೈಯ ಗೆರೆಯಲ್ಲೇ ಇಳಿಜಾರಾಗಿ ಇರುವಂತೆ ಕೂರಿಸಿ. ಆಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ ಎರಡೂ ಕಡೆ ಲಾಕ್ ತನಕ ತಿರುಗಿಸಿ. ಆರ್‌ಪಿಎಂ ಏರಿದರೆ ಎಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ, ಹಾಗೆ ಬಿಡಬಾರದು. ಬ್ರೇಕ್ ಹೋಸ್ ಬಿಗಿಯಾಗಬಾರದು, ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು. ಅವೆಂಜರ್ ಕ್ರೂಸ್ 220ರ ಹ್ಯಾಂಡಲ್ ಎತ್ತರವಾಗಿ ಹಿಂದಕ್ಕೆ ಬಾಗಿದೆ, ಕೆಲವರಿಗೆ ಅದೇ ಸರಿಹೋಗುತ್ತದೆ. ಆದರೆ ಕೈ ಎದೆಮಟ್ಟಕ್ಕೆ ಏರುವುದರಿಂದ ಹೊಸಬರಿಗೆ ನಿಧಾನ ತಿರುವಿನಲ್ಲಿ ಹಿಡಿತ ಕಡಿಮೆ ಎನಿಸುತ್ತದೆ. ಕಲಿಯಲು ಸ್ಟ್ರೀಟ್ ಹ್ಯಾಂಡಲ್ಲೇ ವಾಸಿ.

ಮೂರನೆಯದು ಕ್ಲಚ್. ಲಿವರ್ ತುದಿಯಲ್ಲಿ ಎರಡು, ಮೂರು ಮಿ.ಮೀ. ಫ್ರೀ ಪ್ಲೇ, ಅಂದರೆ ಕೇಬಲ್ ಎಳೆಯತೊಡಗುವ ಮೊದಲಿನ ಸಡಿಲ, ಇರಬೇಕು ಎಂಬುದು ವಾಡಿಕೆ. ಬೆರಳು ಚಿಕ್ಕದಿದ್ದರೆ ಅದನ್ನು ನಾಲ್ಕರ ಹತ್ತಿರ ಇಡಿಸಿ. ಆಗ ಕ್ಲಚ್ ಹಿಡಿಯುವ ಬಿಂದು ಗ್ರಿಪ್‌ಗೆ ಹತ್ತಿರ ಬರುತ್ತದೆ, ಬೆರಳಿನ ಎರಡನೇ ಗೆಣ್ಣಿನಲ್ಲಿ ಹಿಡಿತ ಸಿಗುತ್ತದೆ. ಅದಕ್ಕಿಂತ ಸಡಿಲ ಮಾಡಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕಟಕಟ ಎನ್ನುತ್ತದೆ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದೆ ಒದ್ದಾಡಬೇಕಾಗುತ್ತದೆ. ತೀರಾ ಬಿಗಿಯಾದರೆ ಪ್ಲೇಟ್ ಜಾರಿ ಸವೆಯುತ್ತದೆ. ಕ್ಲಚ್ ಗಟ್ಟಿ ಅನ್ನಿಸಿದರೆ ನಿಮ್ಮ ಕೈ ಶಕ್ತಿಯನ್ನು ದೂರುವ ಮೊದಲು ಕೇಬಲ್ ನೋಡಿ. ಒಂದೆರಡು ಮಳೆಗಾಲ ಕಂಡ ಕೇಬಲ್ ಒಳಗೆ ಒಣಗಿರುತ್ತದೆ. ಹೊಸ ಕೇಬಲ್ ಹಾಕಿಸಿದರೆ ಸಿಲ್ಕ್ ಬೋರ್ಡಿನ ಜಾಮ್‌ನಲ್ಲೂ ಮಣಿಕಟ್ಟು ನೋಯುವುದಿಲ್ಲ. ಕೇಬಲ್ ಬದಲಿಸುವಾಗ ಲಿವರ್ ಪಿನ್‌ಗೆ ಗ್ರೀಸ್ ಹಚ್ಚಲು ಹೇಳಿ, ಹೇಳದಿದ್ದರೆ ಯಾರೂ ಹಚ್ಚುವುದಿಲ್ಲ.

ಬ್ರೇಕ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹ್ಯಾಂಡಲ್ ತಿರುಗಿರುವಾಗ ನಿಧಾನ ವೇಗದಲ್ಲಿ ಮುಂದಿನ ಬ್ರೇಕ್ ಹಿಡಿಯಬೇಡಿ. ಎಬಿಎಸ್ ಇಲ್ಲಿ ಕಾಪಾಡುವುದಿಲ್ಲ. ಫೋರ್ಕ್ ಕುಸಿದು ತೂಕವೆಲ್ಲ ತಿರುಗಿದ ಕಡೆಗೆ ಬೀಳುತ್ತದೆ, 156 ಕೆ.ಜಿ.ಯನ್ನು ಒಂದು ಕಾಲು ತಡೆಯುವುದಿಲ್ಲ. ತಿರುವಿನಲ್ಲಿ ಹಿಂದಿನ ಬ್ರೇಕ್ ಮಾತ್ರ. ಅವೆಂಜರ್‌ನಲ್ಲಿ ಫುಟ್‌ರೆಸ್ಟ್ ಮುಂದಿರುವುದರಿಂದ ಚಿಕ್ಕ ಕಾಲಿನವರಿಗೆ ಬ್ರೇಕ್ ಪೆಡಲ್ ಒತ್ತಲು ಪಾದ ಎತ್ತಬೇಕಾಗುತ್ತದೆ. ಪೆಡಲ್ ಎತ್ತರವನ್ನು ಸ್ವಲ್ಪ ಇಳಿಸಿಕೊಂಡರೆ ಹಿಮ್ಮಡಿ ಫುಟ್‌ರೆಸ್ಟ್ ಮೇಲೇ ಇಟ್ಟು ಒತ್ತಬಹುದು.

ಏರಿನಲ್ಲಿ ನಿಲ್ಲುವುದು ಈ ಬೈಕ್‌ನಲ್ಲಿ ಸಲೀಸು. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ, ಕ್ಲಚ್ ಬಿಡುತ್ತಾ ಬೈಕ್ ಮುಂದಕ್ಕೆ ತುಯ್ದಾಗ ಬ್ರೇಕ್ ಬಿಡಿ. ಎಡವಟ್ಟಾಗುವುದು ಕಾಲಿಡುವ ಜಾಗದಲ್ಲಿ. ವೈಟ್ ಟಾಪಿಂಗ್ ಆದ ರಸ್ತೆಗಳ ಎಡ ಅಂಚಿನಲ್ಲಿ ಕಾಂಕ್ರೀಟ್ ಮುಗಿದು ಅರ್ಧ ಅಡಿ ತಗ್ಗು ಇರುತ್ತದೆ, ಮೋರಿ ಚಪ್ಪಡಿ ಏರುಪೇರಾಗಿರುತ್ತದೆ. ಎಷ್ಟೇ ತಗ್ಗಿನ ಸೀಟಿದ್ದರೂ ಅಲ್ಲಿ ಪಾದ ಗಾಳಿಯಲ್ಲಿ ನಿಲ್ಲುತ್ತದೆ. ಅಂಚಿನಿಂದ ಎರಡಡಿ ಒಳಗೇ ನಿಲ್ಲಿಸಿ, ಹಿಂದಿನವರು ಹಾರ್ನ್ ಹೊಡೆಯಲಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಮೂತಿ ತಗ್ಗಿನ ಕಡೆಗೆ ಇಟ್ಟು ಪಾರ್ಕ್ ಮಾಡಬೇಡಿ. ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಹಿಂದಕ್ಕೆ ಹೋಗುವಾಗ ಸೀಟಿನ ಮೇಲೆ ಕೂತೇ ಎರಡೂ ಪಾದದಿಂದ ತಳ್ಳುವುದು ಅವೆಂಜರ್‌ನಲ್ಲಿ ಸಾಧ್ಯ, ಎತ್ತರದ ಬೈಕ್‌ನಲ್ಲಿ ಆಗದು.

ಬಿದ್ದರೆ ಎತ್ತುವ ಕ್ರಮ ಮೊದಲೇ ಕಲಿತಿರಿ. ಕಿಲ್ ಸ್ವಿಚ್ ಒತ್ತಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡಿ, ಇಲ್ಲದಿದ್ದರೆ ಎತ್ತಿದ ಬೈಕ್ ಎಡಗಡೆಗೆ ಹೋಗಿ ಬೀಳುತ್ತದೆ. ಫಸ್ಟ್ ಗೇರ್ ಹಾಕಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ನೆಲದ ಕಡೆಯ ಗ್ರಿಪ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಹಿಡಿ ಹಿಡಿದು, ಸೊಂಟ ಬಗ್ಗಿಸದೆ ಕಾಲಿನಿಂದಲೇ ಹಿಂದಕ್ಕೆ ಪುಟ್ಟ ಹೆಜ್ಜೆ ಇಡಿ. ಮುಂದೆ ಲೆಗ್ ಗಾರ್ಡ್ ಇದ್ದರೆ ಬೈಕ್ ಪೂರ್ತಿ ಮಲಗುವುದಿಲ್ಲ, ಎತ್ತುವುದು ಅರ್ಧ ಸುಲಭ. ಕಲಿಯುವಷ್ಟು ದಿನವಾದರೂ ಹಾಕಿಸಿಕೊಳ್ಳಿ.

ಹಂಪ್‌ಗಳ ಬಗ್ಗೆ ನಮಗಿರುವ ಅಸಮಾಧಾನ ಈ ಆಸನದ ಭಂಗಿಯದು, ಯಾವ ಕ್ರೂಸರ್ ತಗೊಂಡರೂ ಇದ್ದದ್ದೇ. ಕಾಲು ಮುಂದಿರುವುದರಿಂದ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲಾಗುವುದಿಲ್ಲ, ಏಟೆಲ್ಲ ಬೆನ್ನುಮೂಳೆಗೆ. ಹಿಂದಿನ ಶಾಕ್‌ಗೆ ಐದು ಹಂತವಿದೆ, ಒಬ್ಬರೇ ಓಡಿಸುವಾಗ ಮೊದಲ ಹಂತದಲ್ಲಿಡಿ. ಮೆದುವಾಗಿರುತ್ತದೆ, ಸೀಟೂ ಕೊಂಚ ತಗ್ಗುತ್ತದೆ. ಹಿಂದೆ ಯಾರಾದರೂ ಕೂರುವುದಾದರೆ ಮೂರಕ್ಕೆ ಏರಿಸಿ. ಇನ್ನೂ ತಗ್ಗಿಸಲೆಂದು ಚಿಕ್ಕ ಶಾಕ್ ಹಾಕಿಸುವವರಿದ್ದಾರೆ, ಬೇಡ. ಬೈಕ್ ಇಳಿದರೂ ಸೈಡ್ ಸ್ಟ್ಯಾಂಡ್ ಉದ್ದ ಅಷ್ಟೇ ಇರುತ್ತದೆ, ಬೈಕ್ ನೆಟ್ಟಗೆ ನಿಂತು ಗಾಳಿಗೇ ಬಲಗಡೆಗೆ ಉರುಳುತ್ತದೆ.

ಮೇಂಟೆನೆನ್ಸ್ ಹೆಚ್ಚಿಲ್ಲ. ಊರೊಳಗೆ ಮೈಲೇಜ್ 40ರ ಆಸುಪಾಸು. ಚೈನ್ 500 ಕಿ.ಮೀ.ಗೊಮ್ಮೆ ಒರೆಸಿ ಎಣ್ಣೆ ಬಿಡಬೇಕು. ಅದು ಸಡಿಲವಾದರೆ ನಿಧಾನ ಟ್ರಾಫಿಕ್‌ನಲ್ಲಿ ಬೈಕ್ ಜಗ್ಗಿ ಜಗ್ಗಿ ಹೋಗುತ್ತದೆ, ಹೊಸಬರು ತಮ್ಮ ಕ್ಲಚ್ ಸರಿಯಿಲ್ಲ ಎಂದುಕೊಳ್ಳುತ್ತಾರೆ. 80ರ ವೇಗದವರೆಗೆ ಎಂಜಿನ್ ಆರಾಮ. ಕನಕಪುರ ರಸ್ತೆಗೆ ಅದು ಸಾಕು. ಮೈಸೂರಿಗೆ ಹೊರಟರೆ ಸರ್ವಿಸ್ ರಸ್ತೆಯೇ ಗತಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನ ಬಿಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ ಓಡಿಸುವ ಶೂ ಹಾಕಿಕೊಂಡೇ ಹೋಗಿ. ಸೈಡ್ ಸ್ಟ್ಯಾಂಡ್‌ನಿಂದ ನೀವೊಬ್ಬರೇ ಬೈಕ್ ಎತ್ತಿ ನೆಟ್ಟಗೆ ಮಾಡಿ, ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿ, ಕ್ಲಚ್ ಒಂದು ನಿಮಿಷ ಹಿಡಿದು ನೋಡಿ. ಮೊಣಕೈಯಲ್ಲಿ ಸ್ವಲ್ಪವಾದರೂ ಬಾಗು ಉಳಿಯಬೇಕು. ಲಿವರ್ ತುದಿ, ಫುಟ್‌ರೆಸ್ಟ್ ತುದಿ ಉಜ್ಜಿದ್ದರೆ ಬೈಕ್ ಬಿದ್ದಿದೆ ಎಂದರ್ಥ. ಹ್ಯಾಂಡಲ್ ಸೊಟ್ಟಗಿಲ್ಲದಿದ್ದರೆ ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಸ್ಕೂಟರ್‌ಗೆಂದು ಗೇರ್ ಇಲ್ಲದ ವಾಹನದ ಡಿಎಲ್ ಮಾತ್ರ ಮಾಡಿಸಿದ್ದರೆ ಅದು ಈ ಬೈಕ್‌ಗೆ ನಡೆಯುವುದಿಲ್ಲ. ಗೇರ್ ಬೈಕ್‌ಗೆ ಹೊಸದಾಗಿ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ತೆಗೆಸಿ, 30 ದಿನ ಕಳೆದ ಮೇಲೆ ಆರ್‌ಟಿಒದಲ್ಲಿ ಟೆಸ್ಟ್ ಕೊಟ್ಟು ಅದೇ ಡಿಎಲ್‌ಗೆ ಸೇರಿಸಿಕೊಳ್ಳಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಹ್ಯಾಂಡಲ್ ಮತ್ತು ಸೀಟಿನ ಕೆಲಸ ಮುಗಿಸಿಕೊಂಡು, ಆ ತಿದ್ದಿದ ಬೈಕ್‌ನಲ್ಲೇ ಎಂಟು ಹಾಕುವುದನ್ನು ಅಭ್ಯಾಸ ಮಾಡಿ ಟೆಸ್ಟಿಗೆ ಹೋಗಿ.