ಮನಿಗಾಡಿಯ ಹಿಂದಿನ ಗಾಲಿಗೆ 65 ಹವಾ: ಯಾವ ಪಂಪು ತಡೀತದ?

ಕಾರಿಗೆ 33 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಹವಾ ಇದ್ದರೆ ಸಾಕು. ಮಲಗಲು, ಅಡುಗೆಗೆ ಅನುಕೂಲ ಮಾಡಿಸಿಕೊಂಡ ನಮ್ಮ ವ್ಯಾನು, ಅಂದರೆ ಮನಿಗಾಡಿಯ ಹಿಂದಿನ ಗಾಲಿಗೆ 65 ಬೇಕು. ಪೇಟೆಯಲ್ಲಿ ಸಿಗುವ ಸಣ್ಣ ಪಂಪುಗಳಲ್ಲಿ ಹೆಚ್ಚಿನವು ಕಾರು, ಬೈಕಿನ ಲೆಕ್ಕಕ್ಕೆ ಮಾಡಿದವು. ಆದರೂ ಡಬ್ಬಿಯ ಮೇಲೆ 150 ಪಿಎಸ್‌ಐ ಎಂದು ದಪ್ಪಗೆ ಬರೆದಿರುತ್ತಾರೆ. ಆ ಅಂಕಿ ನಂಬಿ ಎರಡು ಸಲ ದುಡ್ಡು ಹಾಕಿದೆ, ಎರಡು ಸಲವೂ ದಾರಿಯಲ್ಲಿ ಒದ್ದಾಡಿದೆ. ಹೊಸದಾಗಿ ಮನಿಗಾಡಿ ಮಾಡಿಸುತ್ತಿರುವವರಿಗೆ ಆ ಪಾಡು ಬೇಡ ಅಂತ ನಾನು ಬಳಸಿ ನೋಡಿದ ನಾಲ್ಕೂ ಪಂಪುಗಳ ಕಥೆ ಬರೆಯುತ್ತಿದ್ದೇನೆ.

ಮನಿಗಾಡಿ ಅಂತ ಹೆಸರಿಟ್ಟದ್ದು ನಮ್ಮವ್ವ. ಹಳೇ ಟೆಂಪೋ ಟ್ರಾವೆಲರ್ ತಗೊಂಡು, ಸೀಟು ಬಿಚ್ಚಿಸಿ, ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, 80 ಲೀಟರಿನ ನೀರಿನ ಟಾಕಿ, ಹಿಂದಿನ ಮೂಲೆಯಲ್ಲಿ ಒಂದು ಕಮೋಡು ಕೂಡಿಸಿದ್ದೇವೆ. ಅವ್ವನಿಗೆ ಎರಡೂ ಮೊಣಕಾಲು ಹೋಗಿವೆ. ಲಾಡ್ಜಿನ ಮೆಟ್ಟಿಲು ಹತ್ತುವುದು ಆಗುವುದಿಲ್ಲ, ಆದರೆ ಗಾಣಗಾಪುರ, ಬಸವಕಲ್ಯಾಣ, ಸನ್ನತಿ ಬಿಡುವುದೂ ಆಗುವುದಿಲ್ಲ. ಅವಳನ್ನು ಒಳಗೆ ಮಲಗಿಸಿಕೊಂಡು ಓಡಿಸುವ ಗಾಡಿಯ ಟೈರನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಗಾಡಿ ತಯಾರಾದ ಮೇಲೆ ಮೊದಲು ಮಾಡಿದ ಕೆಲಸ ತೂಕ. ಕಲಬುರಗಿಯಲ್ಲಿ ತೊಗರಿ ಲಾರಿಗಳು ನಿಲ್ಲುವ ಒಂದು ವೇಬ್ರಿಡ್ಜಿಗೆ ಹೋಗಿ, ಟಾಕಿ ತುಂಬಿಸಿಕೊಂಡು, ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಗಿಸಿದೆ, ಆಮೇಲೆ ಹಿಂದಿನವನ್ನಷ್ಟೇ. ಮುಂದೆ 1,310 ಕಿಲೋ, ಹಿಂದೆ 1,840 ಕಿಲೋ ಬಂತು. ಟಾಕಿ, ಬ್ಯಾಟರಿ, ಕಮೋಡು ಎಲ್ಲಾ ಹಿಂದೆಯೇ ಇರುವುದರಿಂದ ಹೀಗೆ. ಎಷ್ಟು ಭಾರಕ್ಕೆ ಎಷ್ಟು ಹವಾ ಅಂತ ತೋರಿಸುವ ಟೈರಿನ ಲೋಡ್ ಪಟ್ಟಿ ಇಟ್ಟುಕೊಂಡು ಟೈರ್ ಅಂಗಡಿಯವರ ಜೊತೆ ಕೂತು ಮುಂದೆ 50, ಹಿಂದೆ 65 ಅಂತ ಗೊತ್ತು ಮಾಡಿದೆವು. ನಿಮ್ಮ ಗಾಡಿಗೆ ಬೇರೆಯೇ ಬರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಮಾತ್ರ ಯಾರೂ ದಾಟಬಾರದು.

ಪಂಚರ್ ಅಂಗಡಿ ಇರುವಾಗ ಸ್ವಂತ ಪಂಪು ಏಕೆ ಅಂತ ನನ್ನ ಅಳಿಯ ಕೇಳಿದ. ಹುಮನಾಬಾದ್ ದಾರಿಯಲ್ಲಿ ಅಂಗಡಿಗಳಿಗೇನೂ ಕಡಿಮೆಯಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ 65 ಹಾಕಿ ಅಂದರೆ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು: "ಬ್ಯಾಸಗ್ಯಾಗ ಅಷ್ಟ್ ಹವಾ ಬ್ಯಾಡ ರೀ ಅಣ್ಣಾವ್ರ, ಟೈರ್ ಒಡೀತದ." ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ತಿರುವುಮುರುವಾದ ತಿಳಿವಳಿಕೆ. ಹವಾ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಿಸಿ ಮಡಿಸಿ ಏಳುತ್ತದೆ, ಆ ಮಡಿಕೆಯಿಂದಲೇ ಒಳಗೆ ಕಾವು ಹುಟ್ಟುತ್ತದೆ. ಭಾರದ ಗಾಡಿಯ ಟೈರು ಒಡೆಯುವುದು ಬಹಳ ಸಲ ಈ ಕಾವಿನಿಂದ. ಬಿಸಿಲಿಗೆ ಒತ್ತಡ ಏರುವುದೂ ನಿಜವೇ. 65ರ ಟೈರಿನಲ್ಲಿ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಎರಡೂವರೆ ಪಿಎಸ್‌ಐ ಏರುತ್ತದೆ. ಟೈರು ಮಾಡುವವರು ಆ ಏರಿಕೆಯನ್ನು ಲೆಕ್ಕ ಹಿಡಿದೇ ತಣ್ಣನೆಯ ಟೈರಿನ ಅಂಕಿ ಕೊಟ್ಟಿರುತ್ತಾರೆ. ಅದಕ್ಕೇ ಹವಾ ನೋಡಬೇಕಾದದ್ದು ಬೆಳಗ್ಗೆ, ಗಾಡಿ ಹೊರಡುವ ಮುಂಚೆ. ಅಂಗಡಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಟೈರು ಬಿಸಿಯಾಗಿರುತ್ತದೆ, ಅಂಕಿ ಸುಳ್ಳಾಗಿರುತ್ತದೆ. ಬಿಸಿ ಟೈರಿನಿಂದ ಹವಾ ಬಿಡಿಸಿಕೊಂಡು ಬಂದರೆ ಮರುದಿನ ಬೆಳಗ್ಗೆ ಬೇಕಾದ್ದಕ್ಕಿಂತ ಕಡಿಮೆ ಉಳಿದಿರುತ್ತದೆ. ಮನೆ ಮುಂದೆ, ನೆರಳಿನಲ್ಲಿ, ಸ್ವಂತ ಪಂಪಿನಿಂದ ಹಾಕಿಕೊಳ್ಳುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ಪಂಚರ್ ಎರಡನೆಯದು.

ನಾಲ್ಕನ್ನೂ ಒಂದೇ ರೀತಿ ಪರೀಕ್ಷೆ ಮಾಡಿದೆ. ಮೇ ತಿಂಗಳ ನಾಲ್ಕು ಬೆಳಗು, ಆರು ಗಂಟೆಯೊಳಗೆ, ಹಿಂದಿನ ಎಡಗಾಲಿ. 50ಕ್ಕೆ ಇಳಿಸಿ 65ಕ್ಕೆ ಏರಿಸುವುದು. ಟೈಮು ಫೋನಿನಲ್ಲಿ, ಹವಾ ಬೇರೆ ಒಂದು ಒಳ್ಳೆಯ ಗೇಜಿನಲ್ಲಿ. ಈ ಬೇರೆ ಗೇಜಿನ ಮಾತು ಬಹಳ ಮುಖ್ಯ: ಪಂಪು ಓಡುವಾಗ ಅದರ ಮುಳ್ಳು ತೋರಿಸುವುದು ಪೈಪಿನೊಳಗಿನ ಒತ್ತಡ, ಟೈರಿನದಲ್ಲ. ಪಂಪು ನಿಲ್ಲಿಸಿದ ಮೇಲೆ ನೋಡಿದ್ದೇ ನಿಜ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ತರಹದ ಯಂತ್ರ ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಬರುತ್ತದೆ, ಹೆಸರಿಗಿಂತ ಜಾತಿ ನೋಡಿ ಆರಿಸುವುದೇ ಸರಿ.

ಕಾಲಿನಿಂದ ತುಳಿಯುವ ಪಂಪು ಮನೆಯಲ್ಲಿ ಮೊದಲೇ ಇತ್ತು. 240 ತುಳಿತ, 17 ನಿಮಿಷ. 55ರ ತನಕ ಹೇಗೋ ನಡೆಯಿತು, ಅಲ್ಲಿಂದ ಮುಂದೆ ಇಡೀ ಮೈ ಭಾರ ಹಾಕಿ ಅದರ ಮೇಲೆ ನಿಲ್ಲಬೇಕಾಯಿತು. ಬೈಕಿಗೆ ಸರಿ, ಮನಿಗಾಡಿಗೆ ಇದರ ಯೋಚನೆಯೇ ಬೇಡ.

ಎರಡನೆಯದು 1,900 ರೂಪಾಯಿಯ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪಂಪು. ಇದನ್ನು ನಾನು ಹೆಚ್ಚು ದಿನ ಬಳಸಿದ್ದೇನೆ, ಆದ್ದರಿಂದ ಬೇಸರವೂ ಹೆಚ್ಚು. 50ರಿಂದ 65ಕ್ಕೆ 7 ನಿಮಿಷ 20 ಸೆಕೆಂಡು ತಗೊಂಡಿತು. ಕೇಳುವಾಗ ಕೆಟ್ಟದೇನಲ್ಲ ಅನಿಸುತ್ತದೆ. ತೊಂದರೆ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಉದ್ದ: ಸಾಕೆಟ್ಟು ಡ್ರೈವರ್ ಮುಂದೆ, ಗಾಲಿ ಎಲ್ಲೋ ಹಿಂದೆ. ವೈರು 3 ಮೀಟರ್, ಪೈಪು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಮುಟ್ಟಲಿಲ್ಲ ಅಂತ ಬಜಾರಿನಿಂದ ಎಕ್ಸ್‌ಟೆನ್ಷನ್ ತಂದೆ. ವೈರು ತೆಳ್ಳಗಿತ್ತು. ಮಲ್ಟಿಮೀಟರ್ ಹಚ್ಚಿ ನೋಡಿದರೆ ಪಂಪಿನ ಹತ್ತಿರ 11 ವೋಲ್ಟಿಗಿಂತ ಕಡಿಮೆ ಬರುತ್ತಿತ್ತು. ವೋಲ್ಟು ಬಿದ್ದರೆ ಮೋಟಾರು ಏದುಸಿರು ಬಿಡುತ್ತಾ ತಿರುಗುತ್ತದೆ, ಹವಾ ನೂಕುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು. ಎರಡನೆಯದು ಫ್ಯೂಸು: ನನ್ನ ಸಾಕೆಟ್ಟಿನದು 15 ಆಂಪಿಯರ್. ಪಂಪು ಸಾಮಾನ್ಯವಾಗಿ 10 ಎಳೆಯುತ್ತದೆ, ಆದರೆ 60ರ ಒತ್ತಡ ಇರುವ ಟೈರಿಗೆ ಹಚ್ಚಿ ಸ್ವಿಚ್ಚು ಹಾಕಿದ ಗಳಿಗೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಕೇಳುತ್ತದೆ. ಒಮ್ಮೆ ಜೇವರ್ಗಿ ದಾಟಿದ ಮೇಲೆ ಫ್ಯೂಸು ಹೋಯಿತು.

ಮೂರನೆಯ ತೊಂದರೆ ಕಾವು. ಈ ಪಂಪಿನ ಕೈಪಿಡಿಯಲ್ಲೇ 10 ನಿಮಿಷ ಓಡಿಸಿ, 10 ನಿಮಿಷ ನಿಲ್ಲಿಸಿ ಅಂತಿದೆ. ನಮ್ಮ ಕಡೆ ಮಧ್ಯಾಹ್ನ 42 ಡಿಗ್ರಿ ಇರುವಾಗ ಆ ವಿಶ್ರಾಂತಿಯಲ್ಲಿ ಅದು ಆರುವುದೇ ಇಲ್ಲ. ಸನ್ನತಿಯಲ್ಲಿ ಚಂದ್ರಲಾಂಬೆಯ ದರ್ಶನ ಮುಗಿಸಿಕೊಂಡು ನಾಲವಾರದ ಕಡೆ ಬರುತ್ತಿದ್ದೆವು. ಬೇಲಿಗೆ ಕಡಿದು ಹಾಕಿದ್ದ ಬಳ್ಳಾರಿ ಜಾಲಿಯ ಟೊಂಗೆ ದಾರಿಗೆ ಬಂದಿತ್ತು. ಇಳಿದು ನೋಡುವಷ್ಟರಲ್ಲಿ ಹಿಂದಿನ ಗಾಲಿ 12ಕ್ಕೆ ಬಂದಿತ್ತು. ಜ್ಯಾಕು ಕೊಟ್ಟು, ಮುಳ್ಳು ಕಿತ್ತು, ತೂತಿಗೆ ಪಂಚರಿನ ರಬ್ಬರ್ ಬತ್ತಿ ತುರುಕಿ ಪಂಪು ಹಚ್ಚಿದೆ. ನಡುವೆ ನಿಲ್ಲಿಸಿ ನಿಲ್ಲಿಸಿ 65 ಮುಟ್ಟಿಸಲು 34 ನಿಮಿಷ. ಪೈಪಿನ ಹಿತ್ತಾಳೆ ತುದಿ ಎಷ್ಟು ಕಾದಿತ್ತೆಂದರೆ ಅವ್ವನ ಟವೆಲ್ ಸುತ್ತಿ ತಿರುಗಿಸಿ ತೆಗೆದೆ. ಅವ್ವ ಕಿಟಕಿಯಿಂದ ಮತ್ತೆ ಮತ್ತೆ "ಆಯ್ತೇನೋ ತಮ್ಮಾ?" ಅಂತ ಕೇಳುತ್ತಿದ್ದಳು. ಕತ್ತಲಾಗುತ್ತಾ ಬಂದಿತ್ತು, ನನಗೆ ಉತ್ತರ ಕೊಡಲು ಆಗುತ್ತಿರಲಿಲ್ಲ. ಅದಾದ ತಿಂಗಳೊಳಗೆ ಪಂಪಿನೊಳಗಿನ ಕೊಳವೆ ಕಳಚಿಕೊಂಡಿತು, ಮತ್ತೆ ಕೂರಲಿಲ್ಲ.

ಅಲ್ಲಿಗೆ ಬುದ್ಧಿ ಬರಬೇಕಿತ್ತು, ಆದರೆ ಮಗಳು ತೋರಿಸಿದ ಚಾರ್ಜಿಂಗ್ ಪಂಪು ಕಣ್ಣು ಸೆಳೆಯಿತು. 3,200 ರೂಪಾಯಿ. ವೈರಿನ ರಗಳೆಯೇ ಇಲ್ಲ, ನೀರಿನ ಬಾಟಲಿಯಷ್ಟೇ ಗಾತ್ರ, 65 ಅಂತ ಒತ್ತಿಟ್ಟರೆ ಅಲ್ಲಿಗೆ ತಾನೇ ನಿಲ್ಲುತ್ತದೆ. ಅದರ ಗೇಜು ನಾಲ್ಕರಲ್ಲಿ ಎಲ್ಲಕ್ಕಿಂತ ಸರಿಯಾದದ್ದು, ನನ್ನ ಗೇಜಿಗೂ ಅದಕ್ಕೂ ಒಂದು ಪಿಎಸ್‌ಐಗಿಂತ ಹೆಚ್ಚು ಅಂತರ ಬರಲಿಲ್ಲ. ಆದರೆ ಪರೀಕ್ಷೆಯಲ್ಲಿ ತಗೊಂಡದ್ದು 11 ನಿಮಿಷ, ಅಷ್ಟರಲ್ಲಿ ನಾಲ್ಕು ಕಡ್ಡಿಯ ಚಾರ್ಜು ಒಂದಕ್ಕೆ ಇಳಿದಿತ್ತು. ಬಲಗಾಲಿಗೆ ಹಚ್ಚಿದರೆ 58ಕ್ಕೆ ನಿಂತುಬಿಟ್ಟಿತು. ಕಾರಣ ಸರಳ. ನಮ್ಮಂಥ ಗಾಡಿಯ ಟೈರಿನ ಹೊಟ್ಟೆ ಸುಮಾರು 45 ಲೀಟರ್. 15 ಪಿಎಸ್‌ಐ ಏರಿಸಲು ಹೊರಗಿನ ಗಾಳಿ ಹತ್ತಿರ ಹತ್ತಿರ 46 ಲೀಟರ್ ಒಳಗೆ ತುರುಕಬೇಕು, ಅದೂ ಒಳಗಿಂದ 50, 60ರ ಒತ್ತಡ ಎದುರು ನೂಕುತ್ತಿರುವಾಗ. ಕಾರಿನ 28 ಅನ್ನು 33 ಮಾಡುವುದು ಇದರ ಮುಂದೆ ಮಕ್ಕಳಾಟ. ಇನ್ನೊಂದು ವಿಷಯ ಬೀದರ್ ಕೋಟೆಯ ಹೊರಗೆ ತಿಳಿಯಿತು. ಗಾಡಿ ಬಿಸಿಲಿಗೆ ನಿಲ್ಲಿಸಿ ಒಳಗೆ ಹೋಗಿ ಬಂದರೆ ಪಂಪು ಮುಟ್ಟಲಾಗದಷ್ಟು ಕಾದಿತ್ತು, ಚಾರ್ಜಿಗೆ ಹಾಕಿದರೆ ತಗೊಳ್ಳಲಿಲ್ಲ. ಆರಿದ ಮೇಲೆಯೇ ಹಿಡಿಯಿತು. ಲಿಥಿಯಂ ಸೆಲ್ಲಿಗೆ ಆ ಕಾವು ಒಳ್ಳೆಯದಲ್ಲ, ಮುಚ್ಚಿದ ಗಾಡಿಯಲ್ಲಿ ಅದನ್ನು ಬಿಡುವುದು ನಿಲ್ಲಿಸಿದೆ. ಮಾರಿಬಿಡೋಣ ಅಂದರೆ ಮನೆಯವರು ಬಿಡಲಿಲ್ಲ. "ಮಾರಬ್ಯಾಡ್ರಿ, ನನ್ ಗಾಡಿಗಿ ಇರ್ಲಿ" ಅಂತ ತಮ್ಮ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡರು. ಅಲ್ಲಿ ಅದು ಒಂದು ದಿನವೂ ಕೈ ಕೊಟ್ಟಿಲ್ಲ.

ಉಳಿದದ್ದು ಎರಡು ಸಿಲಿಂಡರಿನ, ನೇರ ಬ್ಯಾಟರಿಗೆ ಕ್ಲಿಪ್ಪು ಹಚ್ಚುವ ಪಂಪು. 5,400 ಕೊಟ್ಟೆ. ಐದು ಕಿಲೋ ತೂಕ, ಚೀಲದಲ್ಲಿ ಬರುತ್ತದೆ, 5 ಮೀಟರಿನ ಸುರುಳಿ ಪೈಪು. ಮೊದಲ ಬೆಳಗು ಸ್ವಿಚ್ಚು ಹಾಕಿ ಟೈಮು ನೋಡಿ ನಂಬಲಿಲ್ಲ, ಮತ್ತೆ 50ಕ್ಕೆ ಇಳಿಸಿ ಇನ್ನೊಮ್ಮೆ ಹಾಕಿದೆ. ಎರಡು ಸಲವೂ 2 ನಿಮಿಷ 10 ಸೆಕೆಂಡಿನ ಆಸುಪಾಸು. ನಾಲ್ಕೂ ಗಾಲಿ ಸೇರಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಕೊನೆಯ ಗಾಲಿಗೂ ಮೊದಲಿನ ಗಾಲಿಯಷ್ಟೇ ಜೋರು.

ಇದು 25 ಆಂಪಿಯರ್ ಎಳೆಯುತ್ತದೆ, ಸಾಕೆಟ್ಟಿಗೆ ಹಚ್ಚುವ ಮಾತೇ ಇಲ್ಲ. ಮೊದಲು ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಗಾಡಿ ಬ್ಯಾಟರಿಗೆ ಹಚ್ಚುತ್ತಿದ್ದೆ. ಆಮೇಲೆ ಹೊಳೆಯಿತು: ಹಿಂದಿನ ಮಂಚದ ಕೆಳಗೆ ಫ್ಯಾನು, ಲೈಟಿಗೆಂದು ಇಟ್ಟಿರುವ 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಹಿಂದಿನ ಗಾಲಿಯ ಪಕ್ಕದಲ್ಲೇ ಇದೆಯಲ್ಲ! ಅದಕ್ಕೆ ಹಚ್ಚಿದರೆ ಇಂಜಿನ್ ಬೇಕಾಗಿಲ್ಲ, ಹೊಗೆಯಿಲ್ಲ, ಅವ್ವನಿಗೆ ನಿದ್ದೆಗೆಡುವುದು ಪಂಪಿನ ಸದ್ದಿಗೆ ಮಾತ್ರ. ಆರು ನಿಮಿಷ ಓಡಿದರೂ ಖರ್ಚು ಎರಡೂವರೆ ಆಂಪಿಯರ್-ಅವರ್. ಮನಿಗಾಡಿ ಇರುವವರಿಗೆ ಈ ಅನುಕೂಲ ಕಾರಿನವರಿಗಿಂತ ಹೆಚ್ಚಿನದು, ಬಳಸಿಕೊಳ್ಳಿ. ನಿಮ್ಮ ಬ್ಯಾಟರಿಯೊಳಗಿನ ರಕ್ಷಣಾ ಸರ್ಕಿಟ್ ಅಷ್ಟು ಆಂಪಿಯರ್ ಬಿಡುತ್ತದೆಯೇ ಅಂತ ಮಾತ್ರ ಮೊದಲು ನೋಡಿ.

ದೋಷ ಇಲ್ಲವೆಂದಲ್ಲ. ಸದ್ದು ಜೋರು, ಬೆಳಗಿನ ಆರು ಗಂಟೆಗೆ ಓಣಿಯವರಿಗೆ ಕೇಳಿಸುತ್ತದೆ. ತಾನೇ ನಿಲ್ಲುವುದಿಲ್ಲ, ಎದುರು ಕೂತಿರಬೇಕು. ಅದರ ಮುಳ್ಳಿನ ಗೇಜು 3 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಬಂದಿದ್ದ ಸ್ಕ್ರೂ ತುದಿ ತಿರುಗಿಸಿ ತೆಗೆಯುವಾಗ ಒಂದೆರಡು ಪಿಎಸ್‌ಐ ಹಾರಿಹೋಗುತ್ತಿತ್ತು, ಟೈರ್ ಅಂಗಡಿಯಲ್ಲಿ ಒತ್ತಿ ಹಿಡಿಯುವ ಕ್ಲಿಪ್ಪಿನ ತುದಿ ಹಾಕಿಸಿದೆ. ಶಹಾಬಾದ್, ವಾಡಿ ಕಡೆ ಹೋಗಿ ಬಂದರೆ ಗಾಳಿ ಎಳೆಯುವ ಜಾಲರಿಯಲ್ಲಿ ಫರ್ಸಿ ಕಲ್ಲಿನ ಬೂದು ಧೂಳು ಕೂತಿರುತ್ತದೆ, ತೆಗೆದು ಕೊಡವಬೇಕು.

ಇದೇ ಪಂಪು ಇಟ್ಟುಕೊಂಡು ಮತ್ತೊಮ್ಮೆ ಮುಳ್ಳು ಹೊಡೆಸಿಕೊಂಡದ್ದು ಚಿಂಚೋಳಿಯಿಂದ ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವಾಗ. ಈ ಸಲವೂ ಟೈರು ಹೆಚ್ಚುಕಡಿಮೆ 12ಕ್ಕೇ ಇಳಿದಿತ್ತು. ಬತ್ತಿ ಹಾಕಿದ ಮೇಲೆ ಆರು ನಿಮಿಷ. ಅವ್ವ ಕೇಳುವ ಮುಂಚೆಯೇ ಪೈಪು ಸುತ್ತಿ ಒಳಗಿಟ್ಟಿದ್ದೆ. ಮರುದಿನ ಕಲಬುರಗಿಗೆ ಬಂದು ಟೈರು ಬಿಚ್ಚಿಸಿ, ಪಕ್ಕೆ ಕೆಟ್ಟಿಲ್ಲವೆಂದು ನೋಡಿಸಿ, ಒಳಗಿಂದ ತೂತು ಮುಚ್ಚುವ ಮಶ್ರೂಮ್ ಪ್ಯಾಚ್ ಹಾಕಿಸಿದೆ. ಬತ್ತಿ ಊರು ಮುಟ್ಟಿಸುವ ತನಕ ಮಾತ್ರ. ಹವಾ ಪೂರ್ತಿ ಹೋದ ಟೈರಿನ ಮೇಲೆ ಗಾಡಿ ಸ್ವಲ್ಪ ದೂರ ಓಡಿಬಿಟ್ಟಿದ್ದರೆ ಪಂಪು ಹಚ್ಚಲೇಬೇಡಿ, ಒಳಗೆ ಪಕ್ಕೆ ಅರೆದುಹೋಗಿರುತ್ತದೆ, ತುಂಬುವಾಗಲೇ ಸಿಡಿಯಬಹುದು. ಸ್ಟೆಪ್ನಿ ಹಾಕಿ. ಸರಿಯಿರುವ ಟೈರಿಗೂ ಹವಾ ತುಂಬುವಾಗ ಅದರ ಪಕ್ಕೆಯ ಎದುರು ಕೂರದೆ ಪೈಪಿನಷ್ಟು ದೂರ ಸರಿದು ಕೂಡಿ.

ಸ್ಟೆಪ್ನಿ ಅಂದಾಗ ನೆನಪಾಯಿತು. ನಮ್ಮ ಗಾಡಿಯಲ್ಲಿ ಅದು ಹೊಟ್ಟೆಯ ಕೆಳಗೆ, ವಾಲ್ವು ಮೇಲ್ಮುಖವಾಗಿ ನೇತಾಡುತ್ತದೆ. ಯಾವ ಪಂಪಿನ ತುದಿಯೂ ಅಲ್ಲಿಗೆ ಹೋಗುತ್ತಿರಲಿಲ್ಲ, ಎರಡು ವರ್ಷದ ಮೇಲೆ ಇಳಿಸಿ ನೋಡಿದರೆ 30 ಇತ್ತು. ಈಗ ಬಾಗುವ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿ ಅದರ ಬಾಯಿ ಬಂಪರಿನ ಪಕ್ಕಕ್ಕೆ ತಂದಿದ್ದೇನೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಡುವ ದಿನ ಬೆಳಗ್ಗೆ ನಾಲ್ಕು ಗಾಲಿಯ ಹವಾ ಸರಿ ಮಾಡಿ, ಅದನ್ನೂ 65ಕ್ಕೆ ತಂದು, ಆಮೇಲೆ ಅವ್ವನನ್ನು ಹತ್ತಿಸುತ್ತೇನೆ.