ಅಪ್‌ಡೇಟ್ ಆದ ದಿನ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಬೇಡಿ

ಕರ್ನಲ್ (ಇಡೀ ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಅಥವಾ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿಪ್ಪನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಆಯಿತಾ? ಹಾಗಿದ್ದರೆ ದಯವಿಟ್ಟು ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಹಾಗೇ ಬ್ಯಾಗಿಗೆ ತುರುಕಬೇಡಿ. ಮೊದಲು ಮೇಜಿನ ಮೇಲೇ ಮುಚ್ಚಿ. ಫ್ಯಾನ್ ನಿಲ್ಲುತ್ತದಾ, ತೆರೆದರೆ ಪರದೆ ಬರುತ್ತದಾ ನೋಡಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಇದೆ, ಪ್ರೊಸೆಸರ್‌ನಿಂದ ಪ್ರತ್ಯೇಕವಾದ ಗ್ರಾಫಿಕ್ಸ್ ಚಿಪ್ ಇದೆ. ಮುಚ್ಚಿದರೆ ಮಲಗುತ್ತಿತ್ತು (ಸ್ಲೀಪ್‌ಗೆ ಹೋಗುತ್ತಿತ್ತು), ತೆರೆದರೆ ಏಳುತ್ತಿತ್ತು. ವರ್ಷಗಟ್ಟಲೆ ತೊಂದರೆ ಇರಲಿಲ್ಲ. ಒಂದು ದಿನ ಎಂದಿನ ಅಪ್‌ಡೇಟ್ ಬಂತು. ಸಂಜೆ ಮುಚ್ಚಿ, ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತಿದೆ. ಬೆನ್ನಿಗೆ ಬಿಸಿ ತಾಗಿದಾಗಲೇ ಏನೋ ಆಗಿದೆ ಅಂತ ಗೊತ್ತಾದದ್ದು. ತೆಗೆದು ನೋಡಿದರೆ ಪರದೆ ಕಪ್ಪು. ಫ್ಯಾನ್ ಜೋರಾಗಿ ತಿರುಗುತ್ತಿದೆ. ಯಾವ ಕೀ ಒತ್ತಿದರೂ ಏನೂ ಆಗುತ್ತಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕಾಯಿತು. ತೆರೆದಿದ್ದ ಕೆಲಸವೆಲ್ಲ ಹೋಯಿತು. ಅದನ್ನು ಮತ್ತೆ ಮಾಡಬಹುದು ಬಿಡಿ. ಗಾಳಿಯಾಡದ ಬ್ಯಾಗಿನೊಳಗೆ ಲಿಥಿಯಂ ಬ್ಯಾಟರಿ ಹಾಗೆ ಕಾದಿತ್ತಲ್ಲ, ನನಗೆ ಭಯ ಹುಟ್ಟಿಸಿದ್ದು ಅದು. ಶಾಖಕ್ಕೆ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ, ಅದು ಉಬ್ಬಿಕೊಳ್ಳಲೂಬಹುದು.

ರಿಪೇರಿ ಅಂಗಡಿಗೆ ಒಯ್ದೆ. "ಮದರ್‌ಬೋರ್ಡ್ ಹೋಗಿದೆ ಸರ್, ಬದಲಾಯಿಸಬೇಕು" ಎಂದರು. ಯಾವಾಗಿನಿಂದ ಹೀಗೆ, ಅದಕ್ಕೆ ಮುಂಚೆ ಏನು ಬದಲಾಯಿತು ಅಂತ ಒಂದು ಮಾತೂ ಕೇಳಲಿಲ್ಲ. ಇಲ್ಲಿ ದುಡ್ಡು ಕೊಡಬೇಡಿ. ನಿನ್ನೆಯವರೆಗೆ ಸರಿಯಿದ್ದದ್ದು ಅಪ್‌ಡೇಟ್ ಆದ ದಿನವೇ ಕೆಟ್ಟರೆ ಮೊದಲು ಅಪ್‌ಡೇಟನ್ನೇ ಅನುಮಾನಿಸಬೇಕು. ಅದನ್ನು ಪರೀಕ್ಷಿಸಲು ಒಂದು ರೂಪಾಯಿಯೂ ಬೇಡ.

ಉಬುಂಟು ಸಾಮಾನ್ಯವಾಗಿ ಹಿಂದಿನ ಕರ್ನಲ್ಲನ್ನು ಅಳಿಸದೆ ಇಟ್ಟುಕೊಂಡಿರುತ್ತದೆ. ಆನ್ ಮಾಡುವಾಗ ಎಸ್ಕೇಪ್ ಕೀ ಒತ್ತಿದರೆ, ಹಳೆಯ ಯಂತ್ರಗಳಲ್ಲಿ ಶಿಫ್ಟ್ ಹಿಡಿದರೆ, ಯಾವುದರಿಂದ ಶುರುಮಾಡಬೇಕು ಎಂದು ಕೇಳುವ ಗ್ರಬ್ ಮೆನು ಬರುತ್ತದೆ. ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಆರಿಸಿಕೊಳ್ಳಿ. ನಾನು ಹಾಗೆ ಮಾಡಿದ ಕೂಡಲೇ ಲ್ಯಾಪ್‌ಟಾಪ್ ಮೊದಲಿನಂತೆ ಮಲಗಿತು, ಎದ್ದಿತು. ಹೊಸದಕ್ಕೆ ಹೋದರೆ ಮತ್ತೆ ಕಪ್ಪು ಪರದೆ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ.

ನನ್ನ ಚಿಪ್‌ನ ಡ್ರೈವರ್ ಕರ್ನಲ್ ಜೊತೆಗೇ ಬರುವಂಥದ್ದು, ಹಾಗಾಗಿ ಇಷ್ಟು ಸಾಕಾಯಿತು. ಡ್ರೈವರನ್ನು ಬೇರೆಯಾಗಿ ಹಾಕಿಕೊಂಡವರಿಗೆ ಇದು ಸಾಲದು. ಹಳೆಯ ಕರ್ನಲ್‌ಗೂ ಹೊಸ ಡ್ರೈವರೇ ಸೇರಿಕೊಂಡಿರಬಹುದು. ಉಬುಂಟುವಿನ ಅಡಿಷನಲ್ ಡ್ರೈವರ್ಸ್ ಎಂಬ ಕಿಟಕಿಗೆ ಹೋಗಿ ಬೇರೆ ಆವೃತ್ತಿ ಹಾಕಿ ನೋಡಬೇಕು. ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಇದೆ.

ಮಲಗುವುದಕ್ಕೂ ಗ್ರಾಫಿಕ್ಸ್‌ಗೂ ಏನು ಸಂಬಂಧ ಅಂತೀರಾ? ಎಸ್‌3 ಎನ್ನುವ ಆಳದ ನಿದ್ದೆಯಲ್ಲಿ ಮುಖ್ಯ ರ‍್ಯಾಮ್‌ಗೆ ಕರೆಂಟ್ ಇರುತ್ತದೆ, ಬೇರೆ ಬಹುತೇಕ ಎಲ್ಲ ಆರುತ್ತದೆ. ಗ್ರಾಫಿಕ್ಸ್ ಚಿಪ್‌ನ ಸ್ವಂತ ಮೆಮೊರಿಗೂ ಕರೆಂಟ್ ಹೋಗುತ್ತದೆ. ಅದರಲ್ಲಿ ಇದ್ದದ್ದನ್ನು ಡ್ರೈವರ್ ಮೊದಲೇ ರ‍್ಯಾಮ್‌ಗೆ ಸಾಗಿಸಬೇಕು, ಎದ್ದ ಮೇಲೆ ಚಿಪ್ಪನ್ನು ಹೊಸದಾಗಿ ಸಿದ್ಧಮಾಡಿ ವಾಪಸ್ ತುಂಬಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಕೆಲಸ ಕೆಟ್ಟಿತು. ಡ್ರೈವರ್ 'ಆಗುವುದಿಲ್ಲ' ಅಂದರೆ ಕರ್ನಲ್ ಮಲಗುವುದನ್ನೇ ಕೈಬಿಡುತ್ತದೆ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಎಚ್ಚರವಾಗೇ ಇರುತ್ತದೆ. ಇಲ್ಲವೇ ಡ್ರೈವರ್ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಯಾವುದು ಅಂತ ತಿಳಿಯಲು ಹಿಂದಿನ ಬೂಟ್‌ನ (ಆರಿಸುವ ಮುಂಚಿನ ಸಲದ) ಕರ್ನಲ್ ಲಾಗ್, ಅಂದರೆ ದಾಖಲೆ ನೋಡಿ. 'ಸಸ್ಪೆಂಡ್ ಎಂಟ್ರಿ' ಎಂಬ ಸಾಲು ಇದ್ದು 'ಸಸ್ಪೆಂಡ್ ಎಕ್ಸಿಟ್' ಇಲ್ಲದಿದ್ದರೆ ಮಧ್ಯದಲ್ಲೇ ನಿಂತಿದೆ ಎಂದರ್ಥ. ಬಟನ್ ಒತ್ತಿ ಆರಿಸಿದಾಗ ಕೊನೆಯ ಸಾಲುಗಳು ಡಿಸ್ಕ್‌ಗೆ ಬರೆಯದೇ ಹೋಗಿರಬಹುದು, ಅದನ್ನೂ ಮನಸ್ಸಿನಲ್ಲಿಡಿ. ಮತ್ತೆ ಹಾಗಾದಾಗ ಆರಿಸುವ ಮುಂಚೆ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಲ್ಲೇ ಇನ್ನೊಂದು ಯಂತ್ರದೊಳಗೆ ಹೋಗುವ ದಾರಿ) ಮೂಲಕ ಒಳಹೋಗಲು ನೋಡಿ. ಮೊದಲೇ ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟಿರಬೇಕು ಅಷ್ಟೇ. ಪರದೆ ಕಪ್ಪಾಗಿದ್ದರೂ ಒಳಗೆ ಹೋಗಲು ಬಂದರೆ ಯಂತ್ರ ಎದ್ದಿದೆ, ಪರದೆಯ ಕಡೆ ಮಾತ್ರ ಕೆಟ್ಟಿದೆ. ನನ್ನದು ಹೀಗೇ ಸಿಕ್ಕಿಬಿದ್ದದ್ದು.

ಕರ್ನಲ್‌ಗೆ ಈ ಆಯ್ಕೆ ಸೇರಿಸಿ, ಆ ಆಯ್ಕೆ ಸೇರಿಸಿ ಎನ್ನುವ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಸುಮ್ನೆ ಒಂದರ ಮೇಲೊಂದು ಹಾಕುತ್ತಾ ಹೋಗಬೇಡಿ. ಕೊನೆಗೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಇನ್ನೊಂದು ಕೆಟ್ಟಿತು ಗೊತ್ತಾಗುವುದಿಲ್ಲ. ಆಳದ ನಿದ್ದೆಯನ್ನು ಬಲವಂತವಾಗಿ ಆನ್ ಮಾಡಿ ಎನ್ನುವವರೂ ಇದ್ದಾರೆ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌3 ಇರುವುದೇ ಇಲ್ಲ, ಎಸ್‌2ಐಡಲ್ ಎಂಬ ಹಗುರ ನಿದ್ದೆ ಮಾತ್ರ.

ಅದರ ಬದಲು ಕರ್ನಲ್ ನೋಡಿಕೊಳ್ಳುವವರಿಗೆ ದೂರು ಕೊಡಿ. ಮೊದಲು ನಡೆಯುತ್ತಿದ್ದದ್ದನ್ನು ಹೊಸ ಕರ್ನಲ್ ಕೆಡಿಸಬಾರದು ಎಂಬುದು ಲಿನಕ್ಸ್ ಕರ್ನಲ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರುವ ನಿಯಮ. ಸರಿಯಿದ್ದ ಆವೃತ್ತಿ ಯಾವುದು, ಕೆಟ್ಟದ್ದು ಯಾವುದು ಎರಡನ್ನೂ ಬರೆಯಿರಿ. ಸಮಯ ಇದ್ದವರು ಗಿಟ್ ಬೈಸೆಕ್ಟ್ (ಎರಡು ಆವೃತ್ತಿಗಳ ನಡುವಿನ ಬದಲಾವಣೆಗಳನ್ನು ಅರ್ಧ ಅರ್ಧ ಮಾಡಿ ಪರೀಕ್ಷಿಸುವುದು) ಮಾಡಬಹುದು. ಪ್ರತಿ ಸಲ ಅರ್ಧ ಭಾಗ ತಳ್ಳಿಹಾಕುವುದರಿಂದ 10,000ಕ್ಕೂ ಹೆಚ್ಚು ಬದಲಾವಣೆಗಳ ನಡುವೆಯೂ ಸುಮಾರು 14 ಹೆಜ್ಜೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ.

ಅಲ್ಲಿಯವರೆಗೆ ಹಳೆಯ ಕರ್ನಲ್ ಪ್ಯಾಕೇಜನ್ನು ಹೋಲ್ಡ್ ಮಾಡಿಡಿ (ಅಳಿಸದಂತೆ ತಡೆದಿಡಿ), ಇಲ್ಲದಿದ್ದರೆ ಬೇಡದ್ದನ್ನು ಅಳಿಸುವ ಮುಂದಿನ ಆಟೋರಿಮೂವ್‌ನಲ್ಲಿ ಅಳಿಸಿಹೋಗಬಹುದು. ಆದರೆ ಹಳೆಯದರಲ್ಲೇ ಜಾಸ್ತಿ ದಿನ ಕೂತರೆ ಭದ್ರತೆಯ ತಿದ್ದುಪಡಿಗಳು ಸಿಗುವುದಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಮೇಜಿನ ಮೇಲೆ ಪರೀಕ್ಷಿಸಿ, ಸರಿಹೋದ ಕೂಡಲೇ ಹೋಲ್ಡ್ ತೆಗೆಯಿರಿ. ಹೊರಗೆ ಹೋಗುವಾಗ ಮಾತ್ರ ಪೂರ್ತಿ ಶಟ್‌ಡೌನ್ ಮಾಡಿಯೇ ಬ್ಯಾಗಿಗೆ ಹಾಕಿ.