ಮಾರ್ಕ್ 2 ಅಂಬಾಸಿಡರ್ ಮುಂದೆ ಪೇಂಟ್ ಗೇಜ್: ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತದೆ

ಆನ್‌ಲೈನಿನಲ್ಲಿ ಐದು ಸಾವಿರ ರೂಪಾಯಿಯೊಳಗೆ ಸಿಗುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೇಂಟ್ ಗೇಜ್ ಇದು, ಲೋಹದ ಮೇಲಿನ ಬಣ್ಣದ ದಪ್ಪ ಅಳೆಯುವ ಸಾಧನ. ಕಬ್ಬಿಣದ ಮೇಲೂ ಅಲ್ಯೂಮಿನಿಯಂ ಮೇಲೂ ಓದುತ್ತದೆ, 0ರಿಂದ 1250 ಮೈಕ್ರಾನ್‌ವರೆಗೆ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆಂದು ಮಾಡಿದ ಮಾಲು. ಇಲ್ಲಿ ನೋಡುತ್ತಿರುವುದು ಬೇರೆ ಕೆಲಸಕ್ಕೆ. ಗುಬ್ಬಿ, ತಿಪಟೂರು, ಶಿರಾ ಕಡೆಯ ಶೆಡ್ಡುಗಳಲ್ಲಿ ಕೊಬ್ಬರಿ ಚೀಲದ ಪಕ್ಕ ನಿಂತಲ್ಲೇ ವಯಸ್ಸಾದ, ಯಾರೂ ರಿಸ್ಟೋರ್ ಮಾಡದ ಅಂಬಾಸಿಡರೋ ಫಿಯೆಟ್ಟೋ ಸಿಕ್ಕಿದರೆ, ಅದರ ಬಣ್ಣ, ಬೀಡಿಂಗ್ (ಬಾಡಿಯ ಮೇಲಿನ ಲೋಹದ ಅಲಂಕಾರ ಪಟ್ಟಿ), ಬ್ಯಾಡ್ಜ್, ಚಾಸಿಸ್ ಮತ್ತು ಇಂಜಿನ್ ನಂಬರು ಫ್ಯಾಕ್ಟರಿಯಿಂದ ಬಂದವೇ ಎಂದು ತಿಳಿಯಲು ಇದರಿಂದ ಎಷ್ಟು ಉಪಯೋಗ? ಬಣ್ಣಕ್ಕೆ ಐದರಲ್ಲಿ ನಾಲ್ಕು ಅಂಕ, ಬೀಡಿಂಗ್ ಮತ್ತು ಬ್ಯಾಡ್ಜಿಗೆ ಎರಡು, ನಂಬರಿಗೆ ಸೊನ್ನೆ.

ಒರಿಜಿನಲ್ ಅನ್ನುವುದು ಬರೀ ಹುಚ್ಚಲ್ಲ, ದಾಖಲೆಯ ಪ್ರಶ್ನೆಯೂ ಹೌದು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಬೇಕಾದರೆ ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಹಾಗಾಗಿ 1975ಕ್ಕೂ ಹಿಂದಿನ ಮಾರ್ಕ್ 2 (ಅಂಬಾಸಿಡರಿನ ಎರಡನೇ ಮಾದರಿ) ಗಾಡಿಗಳಿಗೆ ಈಗ ಬೆಲೆ ಬಂದಿದೆ. ಬೆಲೆ ಬಂದ ಕಡೆ ಬಣ್ಣ ಬಳಿಯುವವರೂ ಬರುತ್ತಾರೆ.

ಗೇಜ್ ಆನ್ ಮಾಡಿದ ತಕ್ಷಣ ಗಾಡಿಗೆ ಒತ್ತಬೇಡಿ. ಜೊತೆಗೆ ಕೊಡುವ ಕಬ್ಬಿಣದ ತುಂಡಿನ ಮೇಲೆ ಮೊದಲು ಸೊನ್ನೆ ಮಾಡಿ, ಆಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಬರೆದ ಸಂಖ್ಯೆ ಬರುತ್ತದೆಯೇ ನೋಡಿ. ಐದು ಮೈಕ್ರಾನ್ ಆಚೀಚೆ ಆದರೆ ಚಿಂತೆಯಿಲ್ಲ. ಏಪ್ರಿಲ್ ಬಿಸಿಲಲ್ಲಿ ಸುಡುವ ಬಾನೆಟ್ ಮೇಲೆ ಇಟ್ಟರೆ ರೀಡಿಂಗ್ ಜಾರುತ್ತದೆ. ಬೆಳಿಗ್ಗೆ ನೆರಳಲ್ಲಿ ಅಳೆಯಿರಿ, ಅರ್ಧ ಗಂಟೆಗೊಮ್ಮೆ ಸೊನ್ನೆ ಮಾಡಿಕೊಳ್ಳಿ. ಪಾವಗಡ ಕಡೆಯ ಕೆಂಪು ಧೂಳು ಕೂತಿದ್ದರೆ ಅದರ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಒತ್ತಬೇಕು.

ಶುರು ಮಾಡಬೇಕಾದ್ದು ಟಾಪಿನಿಂದ. ಗುದ್ದು ಬೀಳುವುದು ಅಲ್ಲಿ ಅಪರೂಪ, ಅದೇ ನಿಮ್ಮ ಅಳತೆಗೋಲು. ಒಂದೊಂದು ಪ್ಯಾನೆಲ್‌ನಲ್ಲಿ ಐದು ಕಡೆ, ಅಂಚಿನಿಂದ ಎರಡು ಸೆಂಟಿಮೀಟರ್ ಒಳಗೆ. ತಿದ್ದದ ಬಣ್ಣ ಸಾಮಾನ್ಯವಾಗಿ 80ರಿಂದ 180 ಮೈಕ್ರಾನ್ ತೋರಿಸುತ್ತದೆ. ಮೇಲೊಂದು ಕೋಟ್ ಬಿದ್ದಿದ್ದರೆ 200 ದಾಟುತ್ತದೆ, ಪುಟ್ಟಿ ಹಾಕಿದ್ದರೆ 500 ಮೀರಿ ಓಡುತ್ತದೆ. ಆದರೆ ಐವತ್ತು ವರ್ಷದ ಗಾಡಿಯಲ್ಲಿ ಸಂಖ್ಯೆಗಿಂತ ಹೊಂದಿಕೆ ಮುಖ್ಯ. ಡ್ರೈವರ್ ದಿನಾ ಒರೆಸಿ ಪಾಲಿಶ್ ಮಾಡಿದ ಗಾಡಿಯಲ್ಲಿ ಬಾನೆಟ್ಟಿನ ಏಣು 50ಕ್ಕೆ ಇಳಿದಿರುತ್ತದೆ, ಅದು ಒಳ್ಳೆಯ ಲಕ್ಷಣ. ನಾಲ್ಕು ಬಾಗಿಲೂ 120, ಹಿಂದಿನ ಎಡ ಮಡ್‌ಗಾರ್ಡ್ ಮಾತ್ರ 340 ಅಂದರೆ ಅಲ್ಲಿ ಟಿಂಕರಿಂಗ್ ಆಗಿದೆ. ಇಡೀ ಗಾಡಿ ಒಂದೇ ಸಮ 260 ಇದ್ದರೆ ಪೂರ್ತಿ ಬಣ್ಣ ಹೊಡೆದಿದ್ದಾರೆ, ಎಷ್ಟೇ ಚೆನ್ನಾಗಿ ಕಂಡರೂ ಅದು ಫ್ಯಾಕ್ಟರಿ ಬಣ್ಣವಲ್ಲ.

ಗೇಜ್ ಸುಳ್ಳು ಹೇಳುವ ಜಾಗಗಳೂ ಇವೆ. ಬಣ್ಣದಡಿ ತುಕ್ಕು ಉಬ್ಬಿದ್ದರೆ ಅದನ್ನೂ ಬಣ್ಣವೆಂದೇ ಓದುತ್ತದೆ. ಹಳೇ ಕಾಲದ ಬಾಡಿಗಳಲ್ಲಿ ತಗಡಿನ ಜೋಡಣೆಗೆ ಸೀಸ ತುಂಬುವ ಪದ್ಧತಿ ಇತ್ತು. ಸೀಸಕ್ಕೆ ಅಯಸ್ಕಾಂತ ಹಿಡಿಯದ ಕಾರಣ ಕಬ್ಬಿಣದ ಮೋಡ್‌ನಲ್ಲಿ ಅದೂ ಪುಟ್ಟಿಯಂತೆ 600, 800 ಎಂದು ಬರಬಹುದು. ಎಡಬಲ ಎರಡೂ ಕಡೆ ಅದೇ ಜಾಗದಲ್ಲಿ ಹತ್ತಿರ ಹತ್ತಿರ ಅದೇ ರೀಡಿಂಗ್ ಬಂದರೆ ಫ್ಯಾಕ್ಟರಿ ಕೆಲಸ ಇರಬಹುದು, ಒಂದೇ ಕಡೆ ಬಂದರೆ ಶೆಡ್ಡಿನ ಕೆಲಸ.

ಗೇಜ್ ಮುಟ್ಟದ ಸಾಕ್ಷಿ ಬೇರೆ ಕಡೆ ಇದೆ. ಡಿಕ್ಕಿಯ ಕೀಲಿನ ಹಿಂದೆ, ಸ್ಟೆಪ್ನಿ ಕೂರುವ ಗುಂಡಿಯಲ್ಲಿ, ಡ್ಯಾಶ್‌ಬೋರ್ಡಿನ ಒಳಬದಿ, ಬಾಗಿಲ ರಬ್ಬರ್ ಎಳೆದರೆ ಕಾಣುವ ಪಟ್ಟಿಯಲ್ಲಿ ಇರುವ ಬಣ್ಣ ಹೊರಗಿನದೇ ಎಂದು ನೋಡಿ. ರಬ್ಬರ್ ಬಿಚ್ಚದೆ ಬಣ್ಣ ಹೊಡೆದಿದ್ದರೆ ಅದರ ಅಂಚಿನ ಮೇಲೆಯೇ ಮಂಜಿನಂತೆ ಕೂತಿರುತ್ತದೆ. ಬಾಗಿಲ ಕೆಳಗಿನ ನೀರಿನ ತೂತು ಮುಚ್ಚಿಹೋಗಿದ್ದರೂ ಅದೇ ಕಥೆ. ಕರಾವಳಿಯ ಗಾಡಿಯಂತೆ ನಮ್ಮ ಕಡೆ ಫ್ಲೋರ್ ಬೇಗ ತಿಂದುಹೋಗುವುದಿಲ್ಲ. ಹಾಗಿದ್ದೂ ಫ್ಲೋರ್ ಪೂರ್ತಿ ಹೊಸ ತಗಡು ಅಂದರೆ ಏಕೆಂದು ಕೇಳಲೇಬೇಕು.

ಬೀಡಿಂಗ್ ಮತ್ತು ಕ್ರೋಮ್ ವಿಷಯಕ್ಕೆ ಬಂದರೆ ಗೇಜ್ ತಬ್ಬಿಬ್ಬಾಗುತ್ತದೆ. ಕ್ರೋಮ್ ಅಡಿಯ ನಿಕ್ಕಲ್ ಸ್ವತಃ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ, ಹಾಗಾಗಿ ಬಂಪರ್ ಮೇಲಿನ ರೀಡಿಂಗಿಗೆ ಅರ್ಥವಿಲ್ಲ. ಸ್ಟೀಲ್ ಬೀಡಿಂಗಿಗೆ ಅಯಸ್ಕಾಂತ ಅಂಟಿದರೆ ಡೂಪ್ಲಿಕೇಟ್ ಅನ್ನುವ ಮಾತೂ ನಿಲ್ಲದು, ಸ್ಟೇನ್‌ಲೆಸ್‌ನಲ್ಲಿ ಅಂಟುವ ಜಾತಿಯೂ ಅಂಟದ ಜಾತಿಯೂ ಇವೆ. ಕಣ್ಣೇ ಗತಿ. ಮತ್ತೆ ಕ್ರೋಮ್ ಮಾಡಿಸಿದ ತುಂಡನ್ನು ಮೊದಲು ಬಫಿಂಗ್‌ನಲ್ಲಿ ಉಜ್ಜಿರುತ್ತಾರೆ. ಅಕ್ಷರಗಳ ಮೂಲೆ ಕರಗಿದ ಬೆಲ್ಲದಂತೆ ದುಂಡಗಾಗುತ್ತದೆ, ಸ್ಕ್ರೂ ತೂತಿನ ಅಂಚು ಮೊಂಡಾಗುತ್ತದೆ. ಎರಕದ ಬ್ಯಾಡ್ಜುಗಳಲ್ಲಿ ಮೊಡವೆಯಂತೆ ಎದ್ದ ಗುಳ್ಳೆಗಳು ವಯಸ್ಸಿನ ಗುರುತು. ಅವಿದ್ದರೆ ಬೇಜಾರು ಬೇಡ, ಬಿಚ್ಚಿ ಉಜ್ಜಿಸಲೂ ಹೋಗಬೇಡಿ.

ಬ್ಯಾಡ್ಜಿನ ವಿಷಯದಲ್ಲಿ ಗೇಜ್ ಎರಡು ಅಂಕ ಗಳಿಸಿದ್ದು ತೂತುಗಳಿಂದ. ಬ್ಯಾಡ್ಜ್ ಬದಲಾದಾಗ ಹಳೇ ತೂತು ಮುಚ್ಚಿ ಹೊಸದು ಕೊರೆಯುತ್ತಾರೆ. ಡಿಕ್ಕಿ ಬಾಗಿಲ ಮೇಲೆ ಒಂದೊಂದು ಸೆಂಟಿಮೀಟರಿಗೆ ಗೇಜ್ ಒತ್ತುತ್ತಾ ಹೋದರೆ 130, 140, ಥಟ್ಟನೆ 700, ಮತ್ತೆ 130 ಎಂದು ಬರುವ ಕಡೆ ಮುಚ್ಚಿದ ತೂತಿದೆ. ಒಳಗಿನಿಂದ ಟಾರ್ಚ್ ಮತ್ತು ಡೆಂಟಿಸ್ಟ್ ಕನ್ನಡಿ ಹಿಡಿದು ನೋಡಿ. ಫ್ಯಾಕ್ಟರಿ ತೂತಿನ ಅಂಚಿಗೂ ಬಣ್ಣ ಹತ್ತಿರುತ್ತದೆ, ಡ್ರಿಲ್ ಮಾಡಿದ್ದರಲ್ಲಿ ಬರಿ ಲೋಹ ಮತ್ತು ಸುತ್ತ ಮುಳ್ಳು. ಮಾರ್ಕ್ 2ರ ಮುಂಭಾಗದ ಜಾಲಿ ಒತ್ತೊತ್ತಾದ ಚೌಕಳಿ, 1975ರ ಮಾರ್ಕ್ 3ರದ್ದು ಅಡ್ಡ ಪಟ್ಟಿ. ಟ್ಯಾಕ್ಸಿಯಾಗಿ ಓಡಿದ ಗಾಡಿಗೆ ಆ ಕಾಲದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ, ಈಗ ಉಲ್ಟಾ: ಮಾರ್ಕ್ 3ಕ್ಕೆ ಚೌಕಳಿ ಜಾಲಿ ಹಾಕಿ ವಯಸ್ಸು ಹೆಚ್ಚಿಸುವ ಆಸೆ. ಜಾಲಿ ಹಿಡಿದಿರುವ ಬೋಲ್ಟ್ ನೋಡಿ. ಆ ಕಾಲದ ಅಂಬಾಸಿಡರ್ ಇಂಚಿನ ಲೆಕ್ಕದ ಗಾಡಿ, ತಲೆ ಮೇಲೆ 8.8 ಎಂದು ಒತ್ತಿದ ಮೆಟ್ರಿಕ್ ಬೋಲ್ಟ್ ಕಂಡರೆ ಅದನ್ನು ಯಾರೋ ಆಮೇಲೆ ಹಾಕಿದ್ದು. ಫಿಯೆಟ್‌ನಲ್ಲಿ ಈ ಉಪಾಯ ನಡೆಯದು, ಅದು ಮೊದಲಿನಿಂದಲೂ ಮೆಟ್ರಿಕ್.

ನಂಬರಿಗೆ ಗೇಜ್ ಜೇಬಲ್ಲಿಟ್ಟು ಪೆನ್ಸಿಲ್ ತೆಗೆಯಿರಿ. ಸೀಮೆಎಣ್ಣೆಯಲ್ಲಿ ನೆನೆಸಿದ ಮೆತ್ತನೆ ಬ್ರಶ್‌ನಿಂದ ಗ್ರೀಸ್ ತೆಗೆದು, ಆರ್‌ಟಿಓ ಕೆಲಸಕ್ಕೆ ಚಾಸಿಸ್ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆಯೇ ತೆಳು ಕಾಗದವಿಟ್ಟು ಉಜ್ಜಿ. ಎಮರಿ ಪೇಪರ್ ಮಾತ್ರ ಮುಟ್ಟಲೇಬೇಡಿ, ಉಜ್ಜಿದ ಗೀರು ನಾಳೆ ನಿಮ್ಮ ಗಾಡಿಯ ಮೇಲೆಯೇ ಅನುಮಾನ ತರುತ್ತದೆ. ಅಂಕಿಗಳು ತುಸು ಏರುಪೇರಾಗಿದ್ದರೆ ಗಾಬರಿ ಬೇಡ, ಕೈಯಿಂದ ಪಂಚ್ ಒತ್ತಿದರೆ ಹಾಗೇ ಆಗುತ್ತದೆ. ನೋಡಬೇಕಾದ್ದು ಅಂಕಿಯ ಸುತ್ತಲಿನ ಜಾಗ: ಗ್ರೈಂಡರ್ ಗೆರೆ, ವೆಲ್ಡಿಂಗ್ ಉಬ್ಬು, ಅಲ್ಲಿ ಮಾತ್ರ ತಗ್ಗಾದ ಲೋಹ. ಪ್ಲೇಟಿನ ಮೇಲೆ ನಂಬರಿದ್ದರೆ ನಡುವೆ ತೂತಿರುವ ಪಾಪ್ ರಿವೆಟ್ ಅನುಮಾನ ಹುಟ್ಟಿಸಬೇಕು. ಇಂಜಿನ್ ಬ್ಲಾಕ್ ಮೇಲೆ ಉಬ್ಬಾಗಿರುವುದು ಎರಕದ ನಂಬರು, ಒಳಗೆ ಇಳಿದಿರುವುದು ಇಂಜಿನ್ ನಂಬರು. ಆರ್‌ಸಿ ಜೊತೆ ಎರಡನೆಯದನ್ನೇ ತಾಳೆ ನೋಡಬೇಕು, ಇಲ್ಲಿ ಎಡವುವವರು ಬಹಳ. ಅಂಬಾಸಿಡರಿಗೆ ಡೀಸೆಲ್ ಇಂಜಿನ್ ಬಂದದ್ದು ಮಾರ್ಕ್ 4ರ ಕಾಲಕ್ಕೆ. ಮಾರ್ಕ್ 2ರಲ್ಲಿ ಡೀಸೆಲ್ ಗುಡುಗಿದರೆ ಆರ್‌ಸಿಯಲ್ಲಿ ಆ ಬದಲಾವಣೆಯ ಷರಾ ಇದೆಯೇ ನೋಡಿ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಇರಬೇಕಾದ ಗಾಡಿಯಲ್ಲಿ ಫ್ಲೋರ್ ಕತ್ತರಿಸಿ ಗೇರ್ ಲಿವರ್ ಎದ್ದಿದ್ದರೆ ಅದೂ ಆಮೇಲಿನ ಬದಲಾವಣೆಯೇ.

ಇಡೀ ಪರೀಕ್ಷೆಯಲ್ಲಿ ಕಾಸಿಲ್ಲದೆ ಸಿಗುವ ಅತ್ಯುತ್ತಮ ಸಾಕ್ಷಿ ಲೂಕಾಸ್ ಕಂಪನಿಯ ವಿದ್ಯುತ್ ತುಂಡುಗಳದ್ದು. ಡೈನಮೊ, ಸೆಲ್ಫ್ ಮೋಟಾರ್, ಡಿಸ್ಟ್ರಿಬ್ಯೂಟರ್ ಮೈಮೇಲೆ ಪಾರ್ಟ್ ನಂಬರಿನ ಹತ್ತಿರ ಸಾಮಾನ್ಯವಾಗಿ ತಯಾರಾದ ಕಾಲದ ಗುರುತು ಒತ್ತಿರುತ್ತಾರೆ. ಗಾಡಿ ತಯಾರಾದ ದಿನಕ್ಕಿಂತ ಕೆಲವು ತಿಂಗಳು ಹಿಂದಿನದಾದರೆ ಸರಿ, ಮುಂದಿನದಾದರೆ ಬದಲಿಸಿದ್ದು. ಲೂಕಾಸ್ ಟಿವಿಎಸ್ ಕಂಪನಿ ಹುಟ್ಟಿದ್ದೇ 1961ರಲ್ಲಿ, ಅದಕ್ಕೂ ಹಳೆಯ ಗಾಡಿಯಲ್ಲಿ ಆ ಹೆಸರು ಕಂಡರೆ ಲೆಕ್ಕ ತಪ್ಪಿದೆ. ಗಾಜುಗಳ ಮೂಲೆಯ ಗುರುತನ್ನೂ ಒಂದೊಂದಾಗಿ ಓದಿ, ಒಂದು ಮಾತ್ರ ಬೇರೆ ಕಂಪನಿಯದಾದರೆ ಆ ಬದಿಯ ಬಾಗಿಲಿಗೆ ಗೇಜ್ ಇನ್ನೊಮ್ಮೆ ಹಿಡಿಯಿರಿ.

ಸೀಟಿನ ರೆಕ್ಸಿನ್ ಬಗ್ಗೆ ಒಂದೇ ಮಾತು: ಹೊಲಿಗೆಯ ಪಕ್ಕ ಸೂಜಿ ತೂತಿನ ಎರಡನೇ ಸಾಲು ಇದ್ದರೆ ಅದು ಬಿಚ್ಚಿ ಹೊಲಿದದ್ದು. ಅಡಿಯಿಂದ ಕೈಹಾಕಿ, ಸ್ಪ್ರಿಂಗಿಗೆ ಬಟ್ಟೆ ಹಿಡಿದಿರುವುದು ಉಂಗುರದ ಕ್ಲಿಪ್ಪೋ ಪ್ಲಾಸ್ಟಿಕ್ ಟೈಯೋ ನೋಡಿ. ಸ್ಪ್ರಿಂಗ್ ಮೇಲೆ ತೆಂಗಿನ ನಾರಿದ್ದು ಅದು ಪುಡಿಯಾಗಿ ಉದುರುತ್ತಿದ್ದರೆ ತಿಪಟೂರಿನವರಿಗೆ ಬೇರೆ ಪರಿಚಯ ಬೇಡ, ಹೊಸ ಸ್ಪಾಂಜ್ ತುಂಬಿಸುವ ಆತುರವೂ ಬೇಡ.

ಗೇಜಿನ ಮೇಲೆ ಉಳಿದ ದೂರು ಎರಡು. ತುದಿಯ ಚಿಕ್ಕ ಗುಂಡು ಮೆತ್ತನೆ ಹಳೇ ಎನಾಮೆಲ್ ಮೇಲೆ ಚುಕ್ಕೆ ಬಿಡುತ್ತದೆ, ಜಾರಿಸದೆ ನೇರವಾಗಿ ಒತ್ತಿ ನೇರವಾಗಿ ಎತ್ತಬೇಕು. ಎರಡನೆಯದು, ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂದು ತಾನೇ ಗುರುತಿಸುವ ಮೋಡ್ ದಪ್ಪ ಪುಟ್ಟಿಯ ಮೇಲೆ ಗೊಂದಲಕ್ಕೆ ಬಿದ್ದು ಏನೂ ತೋರಿಸದೆ ಸುಮ್ಮನಾಗುತ್ತದೆ. ಕಬ್ಬಿಣದ ಮೋಡ್‌ಗೆ ಕೈಯಾರೆ ಬದಲಿಸಿ ಮತ್ತೆ ಒತ್ತಿ. ಆಗಲೂ ಸುಮ್ಮನಿದ್ದರೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು, ಮಾರುವವರು ಬೆಲೆ ಹೇಳುವವರೆಗೂ ಅಳಿಸಬೇಡಿ.